ಕನ್ನಡದಲ್ಲಿ ಏನಂತಾರೆ?

ಮುಂಬೈನ ಆಂಟಾಪ್ ಹಿಲ್‌ನ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕರಿಗೆ ಲೈಂಗಿಕ ಶಿಕ್ಷಣದ ತರಬೇತಿ ಕೊಡಲು ಹೋಗಿದ್ದೆ. ಮಕ್ಕಳಿಗೆ ದೇಹದ ಅಂಗಗಳ ಹೆಸರು ಹೇಳಿಕೊಡುವುದೇ ಮೊದಲ ಪಾಠ. ಹೆಣ್ಣಿನ ಗುಪ್ತಾಂಗದ ಚಿತ್ರ ತೋರಿಸಿ ಬಾಯಿ ತೆರೆದರೆ ಕನ್ನಡದ ಶಬ್ದವೇ ಬರಲಿಲ್ಲ. ಮುಂಬೈಯಲ್ಲಿ ಹುಟ್ಟಿ ಬೆಳೆದವಳು ನಾನು. ಇಂಗ್ಲಿಷಿನಲ್ಲಿ ಸಲೀಸಾಗಿ ಹೇಳುತ್ತೇನೆ. ಮನೆಯ ಕನ್ನಡದಲ್ಲಿ ಆ ಮಾತನ್ನು ಯಾರೂ ಆಡಿದ್ದಿಲ್ಲ.

"ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದೆ. ಎಲ್ಲರೂ ತಲೆ ತಗ್ಗಿಸಿದರು.

"ಈ ಪಾಠ ಬಿಟ್ಟುಬಿಡೋಣ ಮೇಡಂ," ಎಂದರು ಹೆಡ್‌ಮಾಸ್ತರರು.

ಆಗ ವಿಜಯಪುರ ಕಡೆಯ ಹಿರಿಯ ಶಿಕ್ಷಕಿ ಗಂಗಕ್ಕ ಟೀಚರ್ ಎದ್ದು ನಿಂತರು. "ಬಿಡೂದು ಬ್ಯಾಡ್ರಿ ಸರ್. ಹ್ವಾದ ವರ್ಷ ನನ್ನ ಕ್ಲಾಸಿನ ಹುಡುಗಿ ಉರಿ ತಾಳಲಾರದ ಅಳತಿತ್ತು. ಎಲ್ಲಿ ಅಂತ ಹೇಳಾಕ ಅದಕ್ಕ ಶಬ್ದನ ಗೊತ್ತಿರಲಿಲ್ಲ. ಹೊಟ್ಟಿನೋವು ಅಂತ ಔಷಧ ಕೊಡಿಸಿದ್ವಿ. ಖರೇ ಏನಂತ ತಿಳಿಯೂದ್ರಾಗ ಭಾಳ ದಿನ ಹೋದ್ವು."

ಆಮೇಲೆ ನನ್ನತ್ತ ತಿರುಗಿದರು. "ಯೋನಿ ಅಂತಾರವ್ವಾ. ಅನ್ನು ನೋಡೂಣು."

ಅಂದೆ.

"ಇನ್ನಷ್ಟ ಜೋರಲೆ ಅನ್ನವ್ವಾ."

ಈ ಸಲ ಪಕ್ಕದವರ ದನಿಯೂ ಸೇರಿತು. ಸ್ವಲ್ಪ ಹೊತ್ತಿಗೆ ಇಡೀ ಕೋಣೆ ಹೇಳುತ್ತಿತ್ತು, ಹೆಡ್‌ಮಾಸ್ತರರೂ ಸೇರಿ. ಅವತ್ತಿನ ತರಬೇತಿ ಉಳಿದದ್ದು ಗಂಗಕ್ಕ ಟೀಚರ್ ದೆಸೆಯಿಂದ. ಹೊರಡುವಾಗ ಅವರ ಎರಡೂ ಕೈ ಹಿಡಿದುಕೊಂಡೆ.

ಚಹಾ ಮಾತ್ರ ಯಾರಿಗೂ ಸಿಗಲಿಲ್ಲ. ಕೆಟಲ್ ಹಿಡಿದು ಬಂದ ಕ್ಯಾಂಟೀನಿನವರು ಬಾಗಿಲಲ್ಲೇ ನಮ್ಮ ಪಾಠ ಕೇಳಿಸಿಕೊಂಡು ಹಾಗೇ ವಾಪಸ್ ಹೋಗಿದ್ದರಂತೆ.