ಸುಂಕದವನಿಗೊಂದು ಉಂಡಿ

ಗೆಳೆಯರೇ, ನಾಳೆ ಗೋವಾ ನೋಡಲು ಹೊರಟಿದ್ದೇವೆ. ಅದು ಪೋರ್ತುಗೀಜರ ರಾಜ್ಯ, ನಮಗೆ ಪರದೇಶವೇ. ಗಡಿಯಲ್ಲಿ ಸುಂಕದವ ಚೀಲ ಬಿಚ್ಚಿಸಿ ನೋಡುತ್ತಾನಂತೆ. ಅವನ ಕೈ ತಾಗಿದರೆ ನಮ್ಮ ಸೋದರತ್ತೆ ಬುತ್ತಿ ಮುಟ್ಟುವುದಿಲ್ಲ, ಅಷ್ಟು ಮಡಿ. ಹಸಿದರೆ ಅವರಿಗೆ ತಲೆ ತಿರುಗುತ್ತದೆ. ಸಮುದ್ರ ನೋಡುವ ಆಸೆ ಮಾತ್ರ ಬೆಟ್ಟದಷ್ಟು.

"ಮುಟ್ಟಬ್ಯಾಡ್ರಿ ಅಂತ ಕೈ ಮುಗದು ಹೇಳೂಣಲ್ರಿ ಅತ್ಯಾ" ಎಂದಳು ನನ್ನ ಹೆಂಡತಿ.

"ಸುಂಕದವನ ಮುಂದ ಸುಖ ದುಃಖ ಹೇಳಿಕೊಂಡ್ರ ಕೇಳ್ತಾನೇನ?" ಎಂದರು ಅತ್ತೆ.

ಚರ್ಮದ ಚೀಲ ಮೈಲಿಗೆಯೆಂದು ಬಟ್ಟೆಯ ಕೈಚೀಲವೇ ಎಂದು ನಿಶ್ಚಯವಾಯಿತು. ತಳದಲ್ಲಿ ಅವಲಕ್ಕಿ ಡಬ್ಬಿ, ಮೇಲೆ ಬೇಸನ್ ಉಂಡಿ ಡಬ್ಬಿ. ತಾಲೀಮು ಮಾಡೋಣವೆಂದು ನಾನೇ ಸುಂಕದವನಾಗಿ ಕುಳಿತೆ. ಅತ್ತೆ ತಾವೇ ಮೇಲಿನ ಡಬ್ಬಿ ತೆರೆದು ದೂರದಿಂದ ತೋರಿಸಿದರು. ತುಪ್ಪದ ವಾಸನೆ ಬಂತು. ನನ್ನ ಕೈ ತಾನಾಗಿಯೇ ಹೋಯಿತು, ಉಂಡಿ ಬಾಯಿ ಸೇರಿತು.

"ಮುಗೀತು. ಇನ್ನ ಅತ್ಯಾ ಬರೂದಿಲ್ಲ" ಎಂದು ಹೆಂಡತಿ ತಲೆಗೆ ಕೈ ಹಚ್ಚಿ ಕುಳಿತಳು.

ಅತ್ತೆ ನನ್ನ ಬಾಯಿಯನ್ನೇ ನೋಡಿದರು. "ಆ ಡಬ್ಬಿ ಮ್ಯಾಲೇ ಇರ್ಲಿ. ನನ್ನ ಅವಲಕ್ಕಿ ತಳದಾಗಿರ್ಲಿ. ಉಂಡಿ ಸಿಕ್ಕ ಮ್ಯಾಲೆ ಯಾವ ಗಂಡಸು ತಳಾ ಕೆದರ್ತಾನ?"

ನಾಳೆಯ ಸುಂಕದವನೂ ನನ್ನಂಥ ತಿಂಡಿಪೋತನೇ ಆಗಿರಲಿ ಎಂದು ದೇವರಿಗೆ ದೀಪ ಹಚ್ಚಿದ್ದೇನೆ. ನೀವೂ ದೇವರಿಗೊಂದು ಮಾತು ಹೇಳಿರಿ.