ಮದುಮಗನ ಕಾಲುಚೀಲ ನುಂಗಿದ ಗಿಟಾರ್

ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ, ನನ್ನ ತಮ್ಮನ ಆರತಕ್ಷತೆಯ ಸಂಜೆ, ಗಿಟಾರ್ ಹೆಗಲಿಗೇರಿಸಿ ವೇದಿಕೆಯ ಮೇಲೆ ನಿಂತಾಗ ನನಗೆ ನಲವತ್ತು ದಾಟಿತ್ತು. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು. ಸೂಜಿ ಹಿಡಿದು ಪಳಗಿದ ಕೈಗೆ ತಂತಿ ಇನ್ನೂ ಹೊಸದು. ನಗು ಬೇರೆ ಒತ್ತರಿಸಿಕೊಂಡು ಬರುತ್ತಿತ್ತು.

ಗಿಟಾರ್ ನನ್ನ ಸೋದರಮಾವನದು. ಕೂಡ್ಲಿಗಿಯ ಕಾಲೇಜೊಂದರಲ್ಲಿ ಅಟೆಂಡರ್ ಆಗಿ ನಿವೃತ್ತನಾದ ಮಾವ, ಪ್ರಾಯದಲ್ಲಿ ಆರ್ಕೆಸ್ಟ್ರಾ ಕಟ್ಟಿಕೊಂಡು ಹಡಗಲಿ, ಹರಪನಹಳ್ಳಿ ಕಡೆಯ ಮದುವೆಗಳಲ್ಲಿ ನುಡಿಸುತ್ತಿದ್ದ. ಡಿ.ಜೆ. ಬಂದ ಮೇಲೆ ಆರ್ಕೆಸ್ಟ್ರಾ ಮುಗಿಯಿತು, ಗಿಟಾರ್ ಗೂಟಕ್ಕೇರಿತು. ಅದನ್ನು ಇಳಿಸಿ, ಧೂಳು ಒರೆಸಿ, ಕಲಿಸು ಅಂತ ದುಂಬಾಲು ಬಿದ್ದವಳು ನಾನು. ಭಾನುವಾರ ಬಂದರೆ ಕೂಡ್ಲಿಗಿ ಬಸ್ಸು ಹತ್ತುತ್ತಿದ್ದೆ. ಮಾವ ಬಾಯಲ್ಲೇ ಹೇಳಿಕೊಡುತ್ತಿದ್ದ. ತಾನು ಮಾತ್ರ ಮುಟ್ಟುತ್ತಿರಲಿಲ್ಲ.

ಅದು ಈಗಿನ ಗಿಟಾರುಗಳಂತೆ ಗಟ್ಟಿ ಹಲಗೆಯಲ್ಲ. ಕರೆಂಟಿನದೇ ಆದರೂ ಹೊಟ್ಟೆ ಟೊಳ್ಳು. ಕಾಸಿದ ಬೆಲ್ಲದ ಬಣ್ಣ, ಎದೆಯ ಮೇಲೆ ಪಿಟೀಲಿಗಿರುವಂಥ ಎರಡು ಬಳುಕಿದ ಸೀಳು. ಗುಂತಕಲ್ಲಿನ ರೈಲ್ವೆ ಕಾಲೊನಿಯ ಬ್ಯಾಂಡಿನಲ್ಲಿದ್ದ ಮುದುಕರೊಬ್ಬರು ಮಾವನ ಬೆರಳು ಮೆಚ್ಚಿ ಕೊಟ್ಟದ್ದಂತೆ. ಅದರ ಹುಟ್ಟಿನ ಕತೆಯನ್ನೂ ಅವರೇ ಹೇಳಿದ್ದರು. ಅಮೆರಿಕದ ಜಾಝ್ ಬ್ಯಾಂಡುಗಳಲ್ಲಿ ತುತ್ತೂರಿಗಳ ಅಬ್ಬರಕ್ಕೆ ಗಿಟಾರಿನ ಸದ್ದೇ ಕೇಳುತ್ತಿರಲಿಲ್ಲ. ಅದಕ್ಕೇ ತಂತಿಯ ನಡುಕ ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್ಪನ್ನು ಟೊಳ್ಳು ಗಿಟಾರಿಗೆ ಕೂರಿಸಿದರು. ಜನರನ್ನು ಕುಣಿಸಲೆಂದೇ ಹುಟ್ಟಿದ ವಾದ್ಯ!

ಡಿ.ಜೆ.ಯವನು ವೈರು ಸಿಕ್ಕಿಸಿದ. ನನ್ನ ಬೆನ್ನ ಹಿಂದೆ ಬೀರುವಿನಷ್ಟು ಎತ್ತರದ ಸ್ಪೀಕರ್. ಒಂದು ತಂತಿ ಮೀಟಿದೆ. ಸ್ವರ ಬಂತು, ಬಂದದ್ದು ನಿಲ್ಲಲೇ ಇಲ್ಲ. ಊಂ ಅಂತ ಏರಿ ಏರಿ ಊಳಿಡತೊಡಗಿತು. ಊಟದ ಹಾಲಿನಿಂದ ಎಲೆ ಬಿಟ್ಟು ಜನ ಓಡಿ ಬಂದರು.

ಮದುಮಗಳ ತಾಯಿ, ಹರಪನಹಳ್ಳಿ ಕಡೆಯ ಅರಸೀಕೆರೆಯ ನಮ್ಮ ಹೊಸ ಬೀಗಿತಿ, ಕಿವಿ ಮುಚ್ಚಿಕೊಂಡು ಕೇಳಿದರು: "ಯವ್ವಾ, ಅದರಾಗ ಯಾರನ್ನ ಕೂಡಿ ಹಾಕೀರಿ?"

ಮಾವ ಮುಂದಿನ ಸಾಲಿನಿಂದ ವೇದಿಕೆಗೆ ಹಾರಿ ಬಂದು ತಂತಿಗಳ ಮೇಲೆ ಅಂಗೈ ಒತ್ತಿದ. ಊಳು ನಿಂತಿತು.

"ಹೊಟ್ಟಿ ಟೊಳ್ಳ ಐತಲ್ಲ, ಸ್ಪೀಕರಿನ ಸದ್ದು ಒಳಗ ಹೊಕ್ಕು ಗಿರಗಿರ ತಿರುಗಾಕತ್ತೈತಿ. ಏನಾರ ತುರುಕಬೇಕು," ಎಂದವನ ಕಣ್ಣು ತಮ್ಮನ ಕಾಲಿನ ಮೇಲೆ ನಿಂತಿತು. "ಲೇ, ಕಾಲುಚೀಲ ಬಿಚ್ಚಲೇ."

"ಮಾವ, ಫೋಟೋ ತೆಗಿಯಾಕತ್ತ್ಯಾರ!"

"ಫೋಟೋದಾಗ ವಾಸನಿ ಬರಂಗಿಲ್ಲ. ಬಿಚ್ಚು!"

ಸೂಟು ಹಾಕಿದ ಮದುಮಗ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಕಾಲುಚೀಲ ಬಿಚ್ಚಿದ. ಮದುಮಗಳು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕು ನಕ್ಕು ಬಾಗಿಹೋದಳು. ಸೀಳು ಇಕ್ಕಟ್ಟು, ಚೀಲ ಒಳಗೆ ಹೋಗಲೊಲ್ಲದು. ಬೀಗಿತಿ ತಮ್ಮ ಐಸ್‌ಕ್ರೀಮಿನ ಕಟ್ಟಿಗೆ ಚಮಚ ನೆಕ್ಕಿ ಮುಂದೆ ಚಾಚಿದರು: "ಇದರಲೆ ನೂಕ್ರಿ." ಮಾವ ನೂಕಿದ, ಎರಡೂ ಕಾಲುಚೀಲ ಒಳಗೆ ಹೋದವು.

ಮತ್ತೆ ಮೀಟಿದೆ. ಈಗ ಬಂದದ್ದು ಜೇನಿನಂಥ ದುಂಡು ಸ್ವರ. ಅರಿಶಿನ ಹಚ್ಚುವಾಗ ನಮ್ಮ ಹೆಂಗಸರು ಹೇಳುವ ಹಾಡಿನ ಧಾಟಿ ಹಿಡಿದೆ. ಮೊದಲು ಬೀಗಿತಿ ದನಿಗೂಡಿಸಿದರು, ಆಮೇಲೆ ಸಾಲು ಸಾಲೇ ಹಾಡಿತು. ಎರಡನೆಯ ನುಡಿಗೆ ನನ್ನ ಬೆರಳು ತಪ್ಪಿತು. ಸುಮ್ಮನೆ ಗಿಟಾರ್ ತೆಗೆದು ಮಾವನ ಕೊರಳಿಗೆ ಹಾಕಿಬಿಟ್ಟೆ.

"ನನಗ ಎಲ್ಲಾ ಮರ್ತೈತಿ," ಎಂದ. ಆದರೆ ಕೈ ಆಗಲೇ ತಂತಿಯ ಮೇಲಿತ್ತು. ಒಂದೆರಡು ಸಲ ತಡವರಿಸಿದ. ಆಮೇಲೆ ಅರಿಶಿನದ ಹಾಡನ್ನೇ ಎಳೆದು, ಜಿಗಿಸಿ, ಯಾವುದೋ ರೈಲಿನ ಓಟಕ್ಕೆ ಕೂರಿಸಿಬಿಟ್ಟ. ಬರಿಗಾಲಿಗೆ ಬೂಟು ಹಾಕಿಕೊಂಡ ತಮ್ಮ ಕುಣಿದ, ಮದುಮಗಳು ಕುಣಿದಳು, ಅಡುಗೆಯವರು ಸೌಟು ಹಿಡಿದೇ ಬಂದರು. ಮಾವನ ಮುಖ ನೋಡುತ್ತಾ ನನಗೆ ತಲೆ ಹಗುರಾಗಿ, ಕುಣಿಯುತ್ತಿರುವುದು ನಾನೋ ನೆಲವೋ ತಿಳಿಯದಂತಾಯಿತು.

ಮರುದಿನ ನನ್ನ ಲ್ಯಾಬಿನ ಚಿಮುಟದಿಂದ ಒಂದು ಕಾಲುಚೀಲ ಹೊರಬಂತು. ಇನ್ನೊಂದನ್ನು ತೆಗೆಯಲು ಮಾವ ಬಿಡಲಿಲ್ಲ. "ಇರ್ಲಿ ಬಿಡವ್ವ, ದನಿ ಛಲೋ ಬರಾಕತ್ತೈತಿ," ಎಂದ. ಈಗ ಭಾನುವಾರ ನಾನು ಹೋಗುವ ಹೊತ್ತಿಗೆ ಅವನ ಕೈಯಲ್ಲೇ ಗಿಟಾರ್ ಇರುತ್ತದೆ. ನನ್ನ ಸರದಿಗೆ ನಾನು ಜಗಳ ಆಡಬೇಕು. ಮೊನ್ನೆ ಭಾನುವಾರ ಬೀಗಿತಿ ಫೋನ್ ಮಾಡಿ ತಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಇಬ್ಬರೂ ಬಂದು ನುಡಿಸಬೇಕೆಂದರು.

"ಬರ್ತೀವ್ರಿ," ಎಂದ ಮಾವ, "ಹಾಡೋರನ್ನ ನೀವು ಕೂಡಿಸಿ ಇಟ್ಟಿರ್ರಿ, ಕಾಲುಚೀಲ ನಮ್ಮ ಕಡೆ ಐತಿ."