ಕಬ್ಬಿನ ಗದ್ದೆಯ ಅಮೆಜಾನ್

ಕಳೆದ ವಾರ ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಯಾರೋ ಪುಣ್ಯಾತ್ಮರು ಕಬ್ಬು ಕಡಿದ ಗದ್ದೆಯ ತರಗಿಗೆ ಬೆಂಕಿ ಹಚ್ಚಿದ್ದರು. ಆ ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಮೆಜಾನ್ ಕಾಡು ನೆನಪಾಯಿತು. ನಗಬೇಡಿ. ಅಮೆಜಾನ್ ಹಾಗಿರಲಿ, ನಾನು ಆಗುಂಬೆಯನ್ನೂ ಸರಿಯಾಗಿ ನೋಡಿದವನಲ್ಲ. ಆದರೂ ಆರೇಳು ವರ್ಷದ ಹಿಂದೆ ಆ ಕಾಡಿನಲ್ಲಿ ಮಚ್ಚು ಹಿಡಿದು, ಒಂದು ಕಿರೀಟಕ್ಕಾಗಿ ಮೂರು ದಿನ ಓಡಾಡಿದ್ದೇನೆ. ಕಾಡು ಇದ್ದದ್ದು ಸಂತೆಬಾಚಹಳ್ಳಿಯ ಹತ್ತಿರ, ನಮ್ಮ ಚಿಕ್ಕಪ್ಪ ತಿಮ್ಮೇಗೌಡರ ಎರಡು ಎಕರೆಯಲ್ಲಿ.

ಸಿನಿಮಾದ ಹೆಸರು ‘ಕಗ್ಗಾಡಿನ ಕಿರೀಟ’. ತೆಗೆದವನು ನನ್ನ ಬಾಲ್ಯದ ಗೆಳೆಯ ಪುಟ್ಟಸ್ವಾಮಿ. ಕೆ.ಆರ್. ಪೇಟೆಯಲ್ಲಿ ಅವನದು ಮದುವೆ ವಿಡಿಯೊ ಅಂಗಡಿ. ಧಾರೆ, ಆರತಕ್ಷತೆ, ಬೀಗರೂಟಗಳನ್ನು ತೆಗೆದು ತೆಗೆದು ಬೇಸತ್ತು ಒಂದು ದಿನ ಬಂದು, “ಒಂದಾದ್ರೂ ಸಾಹಸದ್ದು ತಗೀಬೇಕು ಕಣ್ಲಾ” ಅಂದ. “ಮದ್ವೆಗಿಂತ ಸಾಹಸ ಯಾವ್ದಲಾ?” ಎಂದು ನಾನು ಕೇಳಿದ್ದನ್ನು ದಯವಿಟ್ಟು ನಮ್ಮ ಮನೆಯವರಿಗೆ ಹೇಳಬೇಡಿ.

ಕೈಯಲ್ಲಿ ಕಾಸಿಲ್ಲದವನು ಪ್ರಪಂಚವನ್ನು ಹತ್ತಿರದಲ್ಲೇ ಹುಡುಕಿಕೊಳ್ಳಬೇಕು. ನಾಗಮಂಗಲದ ಬರಡು ಬಯಲು ಮರುಭೂಮಿಯಾಯಿತು. ಪಾಂಡವಪುರದ ಬಂಡೆಬೆಟ್ಟ ಹಿಮಾಲಯವಾಯಿತು. ಹಿಮವಿರಲಿಲ್ಲ, ಮೇಲೆ ಹತ್ತಿದ ನಾವೇ ಭಯಕ್ಕೆ ನಡುಗುತ್ತಿದ್ದುದರಿಂದ ಚಳಿಯ ಕೊರತೆ ಕಾಣಲಿಲ್ಲ. ಶ್ರೀರಂಗಪಟ್ಟಣದ ಹೊಳೆಯಲ್ಲಿ ಹರಿಗೋಲು ಹಡಗಾಯಿತು. ಅದು ಗಿರಗಿರ ತಿರುಗುವ ವಸ್ತುವಾದ್ದರಿಂದ ಬಿರುಗಾಳಿಯ ದೃಶ್ಯವೂ ಅದರಲ್ಲೇ ಮುಗಿಯಿತು. ಇವತ್ತಿಗೂ ನಾನು ಈ ಸಿನಿಮಾದ ದೊಡ್ಡ ಗುಣ ಅಂತ ಎಣಿಸುವುದು ಇದನ್ನೇ. ಬಡತನದಲ್ಲಿ ಪುಟ್ಟಸ್ವಾಮಿಯ ತಲೆ ಚೆನ್ನಾಗಿ ಓಡುತ್ತಿತ್ತು.

ನಾಯಕ ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ ಕುಮಾರ. ಬೆಳಗಿನ ಹಾಲು ಅಳೆದು ಬಂದರೆ ಸಂಜೆಯ ಹಾಲಿನ ಹೊತ್ತಿಗೆ ಕ್ಯಾನಿನ ಮುಂದೆ ಇರಲೇಬೇಕು. ಕೊನೆಯ ಹೊಡೆದಾಟದಲ್ಲಿ ಅವನು ನನ್ನ ಕತ್ತು ಹಿಡಿದುಕೊಂಡೇ ಎರಡು ಸಲ ಗಡಿಯಾರ ನೋಡುತ್ತಾನೆ. ಇದು ದೋಷ. ಆದರೆ ಅವನು ಓಡುವುದನ್ನು ನೋಡಬೇಕಿತ್ತು ನೀವು. ಡೈರಿಗೆ ಹೊತ್ತಾದ ಮನುಷ್ಯನಷ್ಟು ನಿಜವಾಗಿ ಯಾವ ನಾಯಕನೂ ಓಡಲಾರ.

ಖಳನಾಯಕ ನಾನು. ನಾಗಮಂಗಲದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಹುಬ್ಬು ಏರಿಸುವುದನ್ನು ಒಂದು ವಾರ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ. ನನ್ನನ್ನು ನೋಡಿ ಜನ ಹೆದರುತ್ತಾರೆ ಅಂತಲೇ ನಂಬಿದ್ದೆ. ಶಾಲೆಯಲ್ಲಿ ಯಾರೂ ಹೆದರುತ್ತಿರಲಿಲ್ಲವಾದ್ದರಿಂದ ಆ ಆಸೆ ಸ್ವಲ್ಪ ಜೋರಾಗಿಯೇ ಇತ್ತು.

ಕಾಡಿನ ದೃಶ್ಯ ಅರ್ಧವಾಗಿತ್ತು, ಅಷ್ಟರಲ್ಲಿ ಕಾರ್ಖಾನೆಯಿಂದ ಚಿಕ್ಕಪ್ಪನ ಕಬ್ಬಿಗೆ ಕಟಾವಿನ ಸರದಿ ಬಂತು. ಆ ಸರದಿಗೆ ತಿಂಗಳುಗಟ್ಟಲೆ ಕಾದವರು ಅಮೆಜಾನ್ ಉಳಿಸುವುದುಂಟೆ? ಬೆಳಗ್ಗೆ ನಾವು ಹೋಗುವಷ್ಟರಲ್ಲಿ ಮುಕ್ಕಾಲು ಕಾಡು ಲಾರಿಯಲ್ಲಿತ್ತು. ಹಾಗಾಗಿ ಸಿನಿಮಾದಲ್ಲಿ ಕುಮಾರ ದಟ್ಟ ಕಾಡಿಗೆ ನುಗ್ಗುತ್ತಾನೆ, ಮರುಕ್ಷಣ ಕಡಿದ ಕಬ್ಬಿನ ಬರೀ ಕೂಳೆಯ ಮೇಲೆ ಓಡುತ್ತಿರುತ್ತಾನೆ.

ಉಳಿದಿದ್ದ ಅರ್ಧ ಎಕರೆ ಕಬ್ಬಿನ ಮರೆಯಲ್ಲಿ ನಾನು ಅವನನ್ನು ಅಟ್ಟಿಸಿಕೊಂಡು ಹೋಗುವುದನ್ನು ತೆಗೆಯುತ್ತಿದ್ದಾಗಲೇ ಆ ಘಟನೆ ನಡೆದದ್ದು. ಹಸುವಿಗೆ ಕಬ್ಬಿನ ಸೋಗೆ ಹೊತ್ತುಕೊಂಡು ಬಂದ ಚಿಕ್ಕಪ್ಪ ನೇರ ನಮ್ಮಿಬ್ಬರ ನಡುವೆ ನಿಂತರು.

“ಎತ್ಲಾಗ್ಲಾ ಓಯ್ತಾ ಇದ್ದೀಯೆ ಮಚ್ಚಿಡ್ಕಂಡು?”

ಹಿರಿಯರು ಕೇಳಿದರೆ ಉತ್ತರ ಕೊಡದೆ ಹೋಗುವಷ್ಟು ಕೆಟ್ಟ ಖಳನಾಯಕ ನಾನಾಗಿರಲಿಲ್ಲ. ನಿಂತೆ. “ಇವನ್ನ ಇಡಿಯಕ್ಕೆ ಚಿಕ್ಕಪ್ಪ. ಕಿರೀಟ ಕದ್ಕಂಡು ಓಡ್ತಾವ್ನೆ.”

“ಓಡ್ಲಿ ಬುಡು, ಎಲ್ಲೋದಾನು. ಮೊದ್ಲು ಮನೀಗ್ ಬಂದು ಒಂದ್ ಮುದ್ದೆ ಉಣ್ಕಂಡು ಓಗು. ಅವನ್ನೂ ಕರ್ಕಂಡ್ ಬಾ.”

ಪ್ರಾಣಭಯದಿಂದ ಓಡಬೇಕಿದ್ದ ಕುಮಾರನೂ ನಿಂತು, “ಇನ್ನೊಂದ್ ದಿನ ಬತ್ತೀನಿ ಕಣಣ್ಣ, ಡೈರಿಗೆ ಟೇಮಾಯ್ತು” ಅಂದ.

ಪುಟ್ಟಸ್ವಾಮಿ ಕ್ಯಾಮೆರಾ ನಿಲ್ಲಿಸಲಿಲ್ಲ. ನಿಲ್ಲಿಸುವುದು ಅವನ ಕೈಯಲ್ಲಿ ಆಗದ ಕೆಲಸ. ಮದುವೆ ವಿಡಿಯೊದಲ್ಲಿ ಗಂಡಿನ ಸೋದರಮಾವನೊಬ್ಬ ಬಿಟ್ಟುಹೋದರೆ ಎರಡೂ ಕಡೆಯವರು ಅಂಗಡಿ ಮುಂದೆ ಬಂದು ನಿಲ್ಲುತ್ತಾರೆ. ಹಿರಿಯರು ಎದುರಿಗೆ ಬಂದರೆ ಅವನ ಕೈ ತಾನಾಗಿ ಅವರ ಕಡೆ ತಿರುಗುತ್ತದೆ. ಹಾಗೆ ತಿರುಗಿ ತಿರುಗಿ ‘ಕಗ್ಗಾಡಿನ ಕಿರೀಟ’ದಲ್ಲಿ ಅರ್ಧ ಊರೇ ಸೇರಿಕೊಂಡಿತ್ತು. ಹಿಮಾಲಯದಲ್ಲೂ ಒಬ್ಬಾಕೆ ಕುರಿ ಹುಡುಕುತ್ತಿದ್ದಳು.

ಎಲ್ಲ ಜೋಡಿಸಿದ ಮೇಲೆ ಅವನು ನನ್ನ ಹತ್ತಿರ ಬಂದ. “ನೀನು ಓದ್ದೋನು. ಗುಣ ಎಷ್ಟು, ದೋಷ ಎಷ್ಟು, ಮುಲಾಜಿಲ್ದೆ ಬರ್ದುಕೊಡು.” ಮೇಷ್ಟ್ರಿಗೆ ಯಾರಾದರೂ ಕೆಂಪು ಪೆನ್ನು ಕೊಟ್ಟು ಹೀಗೆ ಹೇಳಬಾರದು. ಗುಣ ಮೂರು ಸಾಲಿಗೆ ಮುಗಿಯಿತು, ದೋಷ ಎರಡು ಹಾಳೆ ತುಂಬಿತು. ಮೊದಲನೆಯ ದೋಷ: ‘ಬೆನ್ನಟ್ಟುವ ದೃಶ್ಯದಲ್ಲಿ ಮುದುಕರೊಬ್ಬರು ಬಂದು ಊಟಕ್ಕೆ ಕರೆಯುವುದರಿಂದ ರಸಭಂಗವಾಗಿದೆ, ತೆಗೆಯತಕ್ಕದ್ದು.’ ಮುದುಕರೊಬ್ಬರು ಅಂತಲೇ ಬರೆದೆ, ಚಿಕ್ಕಪ್ಪ ಅಂತ ಬರೆಯಲಿಲ್ಲ. ನಿಜ ಹೇಳಬೇಕೆಂದರೆ ಭಂಗವಾಗಿದ್ದು ರಸವಲ್ಲ, ನನ್ನ ಹುಬ್ಬು. ಅಷ್ಟು ಅಭ್ಯಾಸ ಮಾಡಿದ ಖಳನಾಯಕ ಆ ದೃಶ್ಯದಲ್ಲಿ ಮುದ್ದೆಗೆ ತಲೆ ಕೆರೆದುಕೊಂಡು ನಿಂತ ಅಣ್ಣನ ಮಗನಾಗಿಬಿಟ್ಟಿದ್ದ.

ಪುಟ್ಟಸ್ವಾಮಿ ಬೇಸರದಿಂದಲೇ ಆ ಚೂರನ್ನು ಕತ್ತರಿಸಿ ತೆಗೆದ.

ಒಂದು ಭಾನುವಾರ ಬೆಳಗ್ಗೆ ಸಂತೆಬಾಚಹಳ್ಳಿಯ ಸಮುದಾಯ ಭವನದಲ್ಲಿ ಪರದೆ ಕಟ್ಟಿ ತೋರಿಸಿದೆವು. ಚಿಕ್ಕಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಟೀ ಅಂಗಡಿಯ ಗೆಳೆಯರನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಬ್ಬು ಕಂಡೊಡನೆ ಪಕ್ಕದವರ ತೊಡೆ ತಟ್ಟಿದರು, “ಈಗ ನೋಡು.” ಕುಮಾರ ಓಡಿದ, ನಾನು ಓಡಿದೆ, ಕಾಡು ಕೂಳೆಯಾಯಿತು, ದೃಶ್ಯ ಮುಗಿಯಿತು. ಅವರು ಕೊನೆಯ ಹೆಸರುಗಳು ಹೋಗುವವರೆಗೂ ಏಳಲಿಲ್ಲ.

“ನಾನು ಬರ್ನೇ ಇಲ್ವಲ್ಲಾ?” ಅಂದರು.

“ಬೆಳಕು ಸರಿ ಬಿದ್ದಿರ್ನಿಲ್ವಂತೆ ಚಿಕ್ಕಪ್ಪ” ಎಂದು ಸುಳ್ಳು ಹೇಳಿದೆ.

ಪುಟ್ಟಸ್ವಾಮಿಗೆ ಸುಳ್ಳು ಹೇಳಲು ಬರುವುದಿಲ್ಲ. ಸಂಜೆಯೊಳಗೆ ನನ್ನ ಎರಡು ಹಾಳೆಯ ಸುದ್ದಿ ಅವರಿಗೆ ತಲುಪಿತು. ಜಗಳವಾಡಲಿಲ್ಲ, ಬಯ್ಯಲಿಲ್ಲ. ಮರುದಿನ ಎದುರಿಗೆ ಸಿಕ್ಕಾಗ, “ಚೆನ್ನಾಗಿದ್ದೀರಾ ಮೇಷ್ಟ್ರೇ?” ಅಂದರು. ನಮ್ಮ ಕಡೆ ಎತ್ತಿ ಆಡಿಸಿದ ಚಿಕ್ಕಪ್ಪ ‘ಲಾ’ ಬಿಟ್ಟು ಬಹುವಚನಕ್ಕೆ ಹೋದರೆ ಮುಖದ ಮೇಲೆ ಬಾಗಿಲು ಹಾಕಿದಂತೆ. ಅಂದಿನಿಂದ ಅವರ ಬಾಯಲ್ಲಿ ನಾನು ಮೇಷ್ಟ್ರೇ. ಹಬ್ಬಕ್ಕೆ ಹೋದರೆ ಕುರ್ಚಿ ಹಾಕುತ್ತಾರೆ. ಆ ಮನೆಯ ಜಗುಲಿಯ ಮೇಲೆ ಹೊರಳಾಡಿ ಬೆಳೆದವನಿಗೆ ಕುರ್ಚಿ! ಒಳಗೊಳಗೇ ಅತ್ತಿದ್ದೇನೆ, ಆದರೆ ತಪ್ಪಾಯಿತು ಅಂತ ಬಾಯಿ ಬಿಡಲಾರದಷ್ಟು ಬಿಂಕ ನನಗೆ.

ಕಳೆದ ವಾರ ಆ ಬಸ್ಸಿಳಿದವನು ಹೋಗಬೇಕಿದ್ದ ಗೃಹಪ್ರವೇಶ ಬಿಟ್ಟು ನೇರ ಪುಟ್ಟಸ್ವಾಮಿಯ ಅಂಗಡಿಗೆ ಹೋದೆ. “ಆ ಚೂರು ಇದ್ಯೇನ್ಲಾ?” ಅಂದೆ.

“ಮದ್ವೆ ಮುರ್ದೋದವ್ರ ವಿಡಿಯೊನೇ ಮಡಗಿವ್ನಿ, ಇದ್ನ ಎಸ್ದೇನ?” ಎಂದು ಹುಡುಕಿ ಫೋನಿಗೆ ಹಾಕಿಕೊಂಡು ತಾನೂ ಜೊತೆಗೆ ಹೊರಟ.

ಚಿಕ್ಕಪ್ಪ ಕೊಟ್ಟಿಗೆ ಮುಂದೆ ಕೂತಿದ್ದರು. ಕುರ್ಚಿ ತರಿಸಹೊರಟರು, ನಾನು ನೆಲದ ಮೇಲೆ ಕೂತೆ. “ಬೆಳಕು ಸರಿಯಾಗೇ ಇತ್ತು ಚಿಕ್ಕಪ್ಪ. ತಗ್ಸಿದ್ದು ನಾನೇ. ನನ್ ಮರ್ವಾದೆ ಓಯ್ತದೆ ಅಂತ ತಗ್ಸಿದೆ. ತಪ್ಪಾಯ್ತು” ಅಂದೆ. ಅವರು ಕೈ ಚಾಚಿ ಫೋನು ಇಸಿದುಕೊಂಡರು.

ಒಂದು ಸಲ ನೋಡಿದರು. ಮತ್ತೊಂದು ಸಲ ನೋಡಿದರು. ಪುಟ್ಟಸ್ವಾಮಿ ತಡೆಯಲಾರದೆ, “ಎಂಗದೆ ಗೌಡ್ರೇ? ಗುಣ ದೋಷ ಏಳ್ಬುಡಿ” ಅಂದ.

“ಎಲ್ಲಾ ಚೆನ್ನಾಗದೆ ಕಣಪ್ಪ. ಸೋಗೆ ಹೊರೆ ಎಷ್ಟ್ ನೀಟಾಗಿ ಕಟ್ಟಿವ್ನಿ ನೋಡು. ಒಂದೇ ದೋಸ.” ನನ್ನ ಕಡೆ ತಿರುಗಿದರು. “ನಡುವ್ಗೆ ನೀವು ನಿಂತಿದ್ದೀರಿ ಮೇಷ್ಟ್ರೇ. ನಿಮ್ಮುನ್ನ ತಗ್ಸಾಕ್ಬುಟ್ರೆ ಸರಿಯಾಯ್ತದೆ.”

ನನಗೆ ನಗು ಬರಲಿಲ್ಲ. ಅರ್ಹವಾದ ಅಂಕವೇ ಬಿದ್ದಿತ್ತು. ತಲೆ ತಗ್ಗಿಸಿ, “ಆಯ್ತು, ತಗ್ದಾಕು ಪುಟ್ಟಸ್ವಾಮಿ” ಅಂದೆ.

ಅವನು ಪರದೆಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಲೆಕ್ಕ ಹಾಕಿದ. ಕಸುಬುದಾರ ನೋಡಿ, ತಮಾಷೆಯನ್ನೂ ಕೆಲಸ ಅಂತಲೇ ತೆಗೆದುಕೊಂಡಿದ್ದ.

“ಆಗಾಕಿಲ್ಲ ಗೌಡ್ರೇ. ಇವನ್ನ ತಗುದ್ರೆ ನೀವ್ ಯಾರ್‌ನ ಉಣ್ಣಕ್ ಕರೀತಿದ್ದೀರಿ ಅಂತ ಜನಕ್ಕೆ ಗೊತ್ತಾಗಾಕಿಲ್ಲ.”

ಚಿಕ್ಕಪ್ಪ ಮೂರನೆಯ ಸಲ ನೋಡಿದರು. ಈ ಸಲ ತಮ್ಮನ್ನಲ್ಲ, ಮಚ್ಚು ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದವನನ್ನೇ ನೋಡುತ್ತಿದ್ದರು. ಆಮೇಲೆ ಫೋನನ್ನು ನನ್ನ ಮಡಿಲಿಗೆ ಹಾಕಿದರು.

“ಅಂಗಾರೆ ಇರ್ಲಿ ಬುಡ್ಲಾ” ಅಂದರು.